ಏಕಾದಶಿ ಎಂಬ ಕಾಯಿಲೆ

ಪ್ರತಿ ವರ್ಷ ಕರ್ನಾಟಕದಿಂದ ಇಬ್ಬರೋ ಮೂವರೋ ಎಳೆಯ ವೈದ್ಯರು ಎಂ.ಡಿ. ಓದಲು ಕಾಶಿಗೆ ಬರುತ್ತಾರೆ. ಮೊದಲ ವಾರ ಅಸ್ಸಿ ಘಾಟಿನ ಚಹಾ ಅಂಗಡಿಯಲ್ಲಿ ಕೂತು ಗಂಗೆಯ ಫೋಟೊ ತೆಗೆಯುತ್ತಾರೆ. ಎರಡನೆಯ ವಾರ ಊರಿನ ಸಾರಿನ ನೆನಪಾಗಿ, ಯಾರಿಂದಲೋ ನನ್ನ ವಿಳಾಸ ಪಡೆದು, ಸೋನಾರ್‌ಪುರದ ಗಲ್ಲಿಯಲ್ಲಿ ನಾಲ್ಕು ಜನರನ್ನು ಕೇಳಿಕೊಂಡು ಮನೆಗೆ ಬರುತ್ತಾರೆ. ಊಟ ಮುಗಿದ ಮೇಲೆ, "ಸರ್, ಏನಾದ್ರೂ ಅಡ್ವೈಸ್ ಕೊಡಿ" ಅನ್ನುತ್ತಾರೆ. ಉಂಡ ಮನೆಯಲ್ಲಿ ಆಡಬೇಕಾದ ಮಾತು ಅದು. ನಿಜಕ್ಕೂ ಅಡ್ವೈಸ್ ಬೇಕಾಗಿ ಕೇಳಿದವರನ್ನು ನಾನು ಕಂಡಿಲ್ಲ. ಆದರೂ ಹೇಳಿದ್ದನ್ನೇ ಹೇಳಿ ದಣಿದಿದ್ದೇನೆ. ಒಮ್ಮೆ ಬರೆದಿಟ್ಟರೆ ಮುಂದೆ ಬರುವವರಿಗೆ ಸಾರಿನ ಜೊತೆ ಇದನ್ನೂ ಬಡಿಸಬಹುದು.

ನಾನು ಯಾವಾಗ ರೀಡರ್ ಆದೆ, ಯಾವಾಗ ಪ್ರೊಫೆಸರ್ ಆದೆ ಎಂಬುದು ಇಲ್ಲಿ ಬರುವುದಿಲ್ಲ. ನನಗೇ ಸರಿಯಾಗಿ ನೆನಪಿಲ್ಲ. ಆಸ್ಪತ್ರೆಯ ಹೆಸರನ್ನೂ ಹೇಳುವುದಿಲ್ಲ. ಪಿಂಚಣಿ ಅಲ್ಲಿಂದಲೇ ಬರುತ್ತದೆ. ಹೇಳಬೇಕಾದದ್ದು ಒಂದೇ ಸಂಗತಿ. ಜ್ವರದ ವಾರ್ಡಿನಲ್ಲಿ ಅರ್ಧ ಆಯುಷ್ಯ ಕಳೆದ ಮೇಲೆ, ಒಬ್ಬ ಹೆಂಗಸನ್ನು ಸಾವಿನ ಬಾಗಿಲಿಗೆ ಕಳುಹಿಸುವ ಚೀಟಿಗೆ ನಾನು ನಗುನಗುತ್ತಾ ಸಹಿ ಹಾಕಿದೆ. ಆಮೇಲೆ ಆಕೆಯನ್ನು ಉಳಿಸಿದವನೆಂದು ಏಳು ವರ್ಷ ಗೌರವ ಸ್ವೀಕರಿಸಿದೆ. ಅಲ್ಲಿಗೆ ಬರುವ ಮೊದಲು ಸ್ವಲ್ಪ ಪೀಠಿಕೆ. ಪೀಠಿಕೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದು ನಮ್ಮ ಕಾಲದ ಶಿಷ್ಟಾಚಾರವಲ್ಲ.

ನಾನು ಸೇರಿದಾಗ ನಮ್ಮ ವಿಭಾಗಕ್ಕೆ ಒಬ್ಬ ಹಿರಿಯ ಪ್ರಾಧ್ಯಾಪಕರಿದ್ದರು. ಎಲ್ಲರೂ ಅವರನ್ನು ಬಡೇ ಸಾಹೇಬರು ಅನ್ನುತ್ತಿದ್ದರು. ಗಿಡ್ಡ ಆಳು, ಬೇಸಿಗೆಯಲ್ಲೂ ಕೋಟು. ರೌಂಡ್ಸಿಗೆ ಬಂದರೆ ನಾವು ಚಾರ್ಟು ಹಿಡಿದು ತುದಿಗಾಲಲ್ಲಿ ನಿಂತಿರುತ್ತಿದ್ದೆವು. ಅವರು ಚಾರ್ಟಿನ ಕಡೆ ನೋಡುತ್ತಲೇ ಇರಲಿಲ್ಲ. ಮಂಚದ ಕಾಲ್ದೆಸೆಯಲ್ಲಿ ನಿಂತು, ಹೊದಿಕೆ ಎತ್ತಿ, ರೋಗಿಯ ಪಾದವನ್ನು ಎಡಗೈಯಲ್ಲಿ ಹಿಡಿದು, ದೇವರ ಧ್ಯಾನದಲ್ಲಿರುವವರಂತೆ ಅರ್ಧ ನಿಮಿಷ ಸುಮ್ಮನಿರುತ್ತಿದ್ದರು. ಯಾರಾದರೂ ಅವಸರಪಟ್ಟು ರಿಪೋರ್ಟು ಮುಂದೆ ಚಾಚಿದರೆ, "ಕಾಗಜ್ ಬಾದ್ ಮೇಂ. ಪಹಲೇ ಆದ್ಮೀ" ಅನ್ನುತ್ತಿದ್ದರು. ಕಾಗದ ಆಮೇಲೆ, ಮೊದಲು ಮನುಷ್ಯ. ನಾವು ಕ್ಯಾಂಟೀನಿನಲ್ಲಿ ಒಬ್ಬರ ಕಾಲನ್ನೊಬ್ಬರು ಹಿಡಿದು ಅವರನ್ನು ಅಣಕಿಸಿ ನಗುತ್ತಿದ್ದೆವು.

ಡೆಂಗಿ ಜ್ವರ ಆಗ ಇಲ್ಲಿ ಅಪರೂಪ. ಬಂದರೆ ಮಲೇರಿಯಾ, ಇಲ್ಲವೇ ಟೈಫಾಯ್ಡು. ಬಡೇ ಸಾಹೇಬರು ಮಾತ್ರ ಅದು ನಾಳೆಯೇ ಬರುವ ನೆಂಟ ಎಂಬಂತೆ ನಮಗೆ ಪಾಠ ಹೇಳುತ್ತಿದ್ದರು. "ಈ ಜ್ವರ ಜ್ವರವಿರುವಾಗ ಕೊಲ್ಲುವುದಿಲ್ಲ. ಮೈ ತಣ್ಣಗಾಗಿ, ಮನೆಯವರು ಸಿಹಿ ಹಂಚಿ, ಡಾಕ್ಟರು ಚಹಾ ಕುಡಿಯಲು ಹೋಗುತ್ತಾನಲ್ಲ, ಆಗ ಕೊಲ್ಲುತ್ತದೆ." ವಿಷಯ ಸರಳ. ಜ್ವರ ಇಳಿಯುವ ಹೊತ್ತಿಗೆ ಕೆಲವರ ರಕ್ತನಾಳಗಳು ಹಳೆಯ ಕೊಡದಂತೆ ಒಸರತೊಡಗುತ್ತವೆ. ರಕ್ತದೊಳಗಿನ ನೀರಿನಂಶ ಹೊರಗೆ ಸೋರಿ, ಹೊಟ್ಟೆಯಲ್ಲೂ ಎದೆಯಲ್ಲೂ ನಿಲ್ಲುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ರೋಗಿ ಮಾತಾಡುತ್ತಲೇ ಇರುತ್ತಾನೆ, ಬಿ.ಪಿ. ಕೂಡ ಸಭ್ಯವಾಗಿ ಕಾಣುತ್ತದೆ, ಆದರೆ ಕೈಕಾಲು ತಣ್ಣಗಾಗುತ್ತಾ ಬರುತ್ತದೆ. ಹೆಚ್ಚು ಕಡಿಮೆ ಎರಡು ದಿನ ಈ ಗಂಡಾಂತರ. ದಾಟಿದರೆ ಸೋರಿದ ನೀರು ತಾನಾಗಿ ಮರಳುತ್ತದೆ. ದಾಟಿಸುವುದು ನಮ್ಮ ಕೆಲಸ. ಅದಕ್ಕೆ ಬೇಕಾದದ್ದು ಉಪ್ಪುನೀರಿನ ಡ್ರಿಪ್ಪು, ಗಡಿಯಾರ, ಮತ್ತು ರೋಗಿಯ ಪಕ್ಕದಲ್ಲಿ ಕೂರುವ ತಾಳ್ಮೆ.

ನೆಂಟ ಬಂದ. ಬಂದವನು ಹೋಗಲಿಲ್ಲ. ಪ್ರತಿ ವರ್ಷ ಮಳೆ ನಿಂತ ಮೇಲೆ ಬಂದು ದೀಪಾವಳಿ ಮುಗಿಸಿಕೊಂಡೇ ಹೊರಡುತ್ತಿದ್ದ. ಒಂದು ಮಂಚಕ್ಕೆ ಇಬ್ಬರು ರೋಗಿಗಳು, ವರಾಂಡದಲ್ಲಿ ಚಾಪೆ. ಅಷ್ಟರಲ್ಲಿ ಬಡೇ ಸಾಹೇಬರು ನಿವೃತ್ತರಾಗಿದ್ದರು, ರಕ್ತಕಣ ಎಣಿಸುವ ಯಂತ್ರ ಬಂದಿತ್ತು. ಹಿಂದೆ ನಮ್ಮ ಟೆಕ್ನೀಷಿಯನ್ ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಕೊಟ್ಟು, ಇನ್ನೊಂದು ಕಣ್ಣಿನಿಂದ ನಮ್ಮನ್ನು ಶಪಿಸುತ್ತಾ ಪ್ಲೇಟ್‌ಲೆಟ್ ಎಣಿಸುತ್ತಿದ್ದ. ಈಗ ಯಂತ್ರ ಒಂದೇ ಉಸಿರಿಗೆ ಇಡೀ ವಾರ್ಡಿನ ಜಾತಕ ಬರೆದುಕೊಡುತ್ತಿತ್ತು. ಊರಿಗೆ ಊರೇ ಪ್ಲೇಟ್‌ಲೆಟ್ಟಿನ ಭಜನೆಗೆ ಬಿತ್ತು. ಎದುರು ಸಿಕ್ಕವರು ನಮಸ್ಕಾರದ ಬದಲು "ಕಿತನಾ ಹೈ?", ಎಷ್ಟಿದೆ, ಎಂದು ಕೇಳುವ ಕಾಲ ಬಂತು. ಮೇಕೆ ಹಾಲಿಗೆ ಅಮೃತದ ಪದವಿ ಸಿಕ್ಕಿತು. ನಮ್ಮ ಗಲ್ಲಿಯ ಕೊನೆಯಲ್ಲಿದ್ದ ಪಪ್ಪಾಯಿ ಗಿಡ ಒಂದೇ ಸೀಸನ್ನಿನಲ್ಲಿ ಎಲೆಗಳನ್ನೆಲ್ಲ ರೋಗಿಗಳಿಗೆ ಅರ್ಪಿಸಿ ಸನ್ಯಾಸ ಸ್ವೀಕರಿಸಿತು.

ನಾನೂ ಬದಲಾದೆ. ಬಡೇ ಸಾಹೇಬರನ್ನು ಅಣಕಿಸಿದ್ದರೂ ಬಹಳ ವರ್ಷ ಅವರಂತೆಯೇ ಹೊದಿಕೆ ಎತ್ತುತ್ತಿದ್ದೆ. ಆಮೇಲೆ ಯಾವಾಗ ನಿಲ್ಲಿಸಿದೆನೋ ತಿಳಿಯದು. ಕೈ ತುಂಬಾ ಕಾಗದವಿದ್ದರೆ ಹೊದಿಕೆ ಎತ್ತುವುದು ಹೇಗೆ?

ಆ ವರ್ಷಗಳ ನನ್ನ ಘನತೆಗೆ ಒಂದು ಉದಾಹರಣೆ. ಸ್ಥಳೀಯ ಟೀವಿಯವರು ಸೀಸನ್ ಶುರುವಾದರೆ ನನ್ನನ್ನು ಕೂರಿಸಿ ಉಪದೇಶ ಮಾಡಿಸುತ್ತಿದ್ದರು. ಈ ಸೊಳ್ಳೆ ಕೊಚ್ಚೆಯಲ್ಲಿ ಹುಟ್ಟುವುದಲ್ಲ, ನಿಂತ ಶುದ್ಧ ನೀರಿನಲ್ಲಿ ಹುಟ್ಟುತ್ತದೆ. ಹಗಲು ಕಚ್ಚುತ್ತದೆ, ಬೆಳಿಗ್ಗೆ ಒಂದು ಪಾಳಿ, ಸಂಜೆಗೆ ಮುನ್ನ ಒಂದು ಪಾಳಿ, ನಡುವೆ ವಿಶ್ರಾಂತಿ. ಕಚೇರಿಯ ವೇಳೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಬೇರೊಂದು ಜೀವಿಯನ್ನು ನಾನು ನೌಕರಿಯಲ್ಲಿ ಕಾಣಲಿಲ್ಲ. ಇದನ್ನೆಲ್ಲ ಗಂಭೀರವಾಗಿ ಹೇಳಿ ಮನೆಗೆ ಬಂದ ಮರುದಿನ ನಗರದ ಸೊಳ್ಳೆ ತಪಾಸಣೆಯವರು ಮನೆ ಬಾಗಿಲಿಗೆ ಬಂದರು. ಬೇಸಿಗೆ ಮುಗಿದರೂ ತೆಗೆದಿಡದ ನಮ್ಮ ಕಿಟಕಿಯ ಕೂಲರಿನೊಳಗೆ ಅವರಲ್ಲೊಬ್ಬ ಟಾರ್ಚ್ ಬಿಟ್ಟ. ತಳದ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದವು. ಅವನು ಬಹಳ ವಿನಯದಿಂದ, "ಡಾಕ್ಟರ್ ಸಾಹಬ್, ಆಪ್‌ಕೇ ಬಚ್ಚೇ" ಎಂದು ನನ್ನ ಮಕ್ಕಳನ್ನು ನನಗೆ ಪರಿಚಯಿಸಿದ. ಗೇಟಿಗೆ ನೋಟಿಸು ಅಂಟಿಸಿದರು. ಕೀಳಲು ಹೋದೆ. ಹೆಂಡತಿ ಪದ್ಮಾ ತಡೆದಳು.

"ಇರಲಿ ಬಿಡಿ. ನಿಮ್ಮ ಡಿಗ್ರಿ ಪಕ್ಕದಲ್ಲಿ ಫ್ರೇಮ್ ಹಾಕ್ಸೋಣ."

"ಜನ ನೋಡ್ತಾರೆ ಕಣೇ."

"ಟೀವೀಲೂ ಜನಾನೇ ತಾನೆ ನೋಡಿದ್ದು?"

ಆ ನೋಟಿಸು ನನಗೆ ಪಾಠವಾಗಬೇಕಿತ್ತು. ಗೊತ್ತಿರುವುದೇ ಬೇರೆ, ನೋಡುವುದೇ ಬೇರೆ ಎಂದು ಅದಕ್ಕಿಂತ ಸ್ಪಷ್ಟವಾಗಿ ಯಾರು ಬರೆದು ಅಂಟಿಸಲು ಸಾಧ್ಯ? ನಾನು ಕೂಲರು ಒಣಗಿಸಿ ಸುಮ್ಮನಾದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ಕಾರ್ತಿಕ ಮಾಸ, ಯಾತ್ರಿಕರ ಕಾಲ. ವಿಶ್ವನಾಥ ಗಲ್ಲಿಯಲ್ಲಿ ಕನ್ನಡ ಬಲ್ಲ ಪುರೋಹಿತರೊಬ್ಬರಿದ್ದರು. ಕರ್ನಾಟಕದ ಯಾತ್ರಿಕರಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ನನ್ನ ಹತ್ತಿರ ಕಳುಹಿಸುತ್ತಿದ್ದರು. ಕಾಶಿಯಲ್ಲಿ ಕನ್ನಡ ಕೇಳಿದೊಡನೆ ಅವರ ಅರ್ಧ ಜ್ವರ ಇಳಿಯುತ್ತಿತ್ತು. ಹಾಗೆ ಬಂದವರು ಬಾಗಲಕೋಟೆ ಕಡೆಯ ಹಣಮಂತರಾಯರು, ನಿವೃತ್ತ ಹೆಡ್‌ಮಾಸ್ತರರು, ಮತ್ತು ಅವರ ಹೆಂಡತಿ ಸುಶೀಲಾಬಾಯಿ. ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಮೂರು ದಿನದಿಂದ ಜ್ವರ.

"ಕಣ್ಣಿನ ಹಿಂದ ಯಾರೋ ಕೂತು ಹೊರಗ ದಬ್ಬಲಿಕತ್ತಾರ ನೋಡ್ರಿ," ಎಂದರು ಸುಶೀಲಾಬಾಯಿ. "ಮೈಯೆಲ್ಲಾ ಒನಕಿಲೆ ಕುಟ್ಟಿಧಾಂಗ ಆಗೇದ."

ಪಠ್ಯಪುಸ್ತಕಗಳು ಡೆಂಗಿಗೆ ಒಂದು ಪುಟ ತೆಗೆದುಕೊಳ್ಳುತ್ತವೆ. ಆಕೆ ಎರಡು ವಾಕ್ಯದಲ್ಲಿ ಮುಗಿಸಿದರು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಚೆನ್ನಾಗಿ ನೀರು, ಗಂಜಿ ಕುಡಿಯಿರಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ನುಂಗಬೇಡಿ, ಜ್ವರ ಇಳಿದರೂ ಬಂದು ತೋರಿಸಿ ಎಂದೆ. ಈ ಕೊನೆಯ ಮಾತು ಬಡೇ ಸಾಹೇಬರದು, ನಾಲಿಗೆಗೆ ರೂಢಿಯಾಗಿತ್ತು.

ಅವರು ಹೇಳಿದಂತೆ ಬಂದರು. ಮೂರನೆಯ ದಿನ, ಬೆಳಗಿನ ಹನ್ನೊಂದು ಗಂಟೆ, ಹೊರರೋಗಿಗಳ ಸಾಲು ಗೇಟಿನವರೆಗೆ. ಸುಶೀಲಾಬಾಯಿ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ರಾಯರು ಸಂತೋಷದಲ್ಲಿದ್ದರು. ಸಂಜೆ ನಾಲ್ಕಕ್ಕೆ ಅವರ ಇಡೀ ತಂಡದ ರೈಲು.

"ಜ್ವರ ನಿನ್ನೆ ಮುಂಜಾನೇನ ಇಳೀತ್ರಿ ಡಾಕ್ಟ್ರ! ಎಲ್ಲಾ ವಿಶ್ವನಾಥನ ಕೃಪಾ. ಈಗ ಬರೇ ನಿಶ್ಶಕ್ತಿ."

"ನಿನ್ನೆ ಏಕಾದಶಿ ಮಾಡಿದ್ರಾ ಹೇಗೆ?"

"ಜ್ವರ ಇಳದ ಮ್ಯಾಲೆ ಬಿಡ್ತಾಳೇನ್ರಿ? ಕಾಶಿಗೆ ಬಂದು, ಕಾರ್ತಿಕದ ಏಕಾದಶಿ! ನೀರ ಸೈತ ಮುಟ್ಟಿಲ್ಲ. ಇವತ್ತ ನಸುಕಿನ್ಯಾಗ ಗಂಗಾಸ್ನಾನ ಮಾಡಿ, ಪಾರಣಿಗೆ ಎರಡು ತುತ್ತು ಅನ್ನ ತೊವ್ವಿ ಉಂಡ್ಲು. ಅದೂ ವಾಂತಿ ಆತು. ಹೊಟ್ಟಿ ನೋಯಸ್ತದ ಅಂತಾಳ."

ಇಲ್ಲಿ ನನ್ನ ವಂಶದ ವಿಷಯ ಒಂದು ಮಾತು ಹೇಳಬೇಕು. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅಜ್ಜಿ ಏಕಾದಶಿಯಂದು ಹನಿ ನೀರು ನಾಲಿಗೆಗೆ ಸೋಕಿಸುತ್ತಿರಲಿಲ್ಲ. ದ್ವಾದಶಿ ಬೆಳಿಗ್ಗೆ ಗೋಡೆ ಹಿಡಿದು ನಡೆಯುತ್ತಿದ್ದಳು, ಪಾರಣೆಯ ಮೊದಲ ತುತ್ತಿಗೆ ಓಕರಿಸುತ್ತಿದ್ದಳು, ಮಧ್ಯಾಹ್ನಕ್ಕೆ ಎದ್ದು ಕೂತು ಸೊಸೆಯರನ್ನು ಬೈಯುತ್ತಿದ್ದಳು. ಸುಶೀಲಾಬಾಯಿಯಲ್ಲಿ ನಾನು ಕಂಡದ್ದು ರೋಗಿಯನ್ನಲ್ಲ, ನಮ್ಮ ಅಜ್ಜಿಯನ್ನು. ಏಕಾದಶಿ ಎಂದರೇನೆಂದು ಗೊತ್ತಿಲ್ಲದ ಯಾವ ಡಾಕ್ಟರಾದರೂ ಆಕೆಯನ್ನು ಅಲ್ಲೇ ಮಲಗಿಸುತ್ತಿದ್ದ. ನನಗೆ ಎಲ್ಲ ಗೊತ್ತಿತ್ತು.

ಮೇಜಿನ ಮೇಲೆ ಕಾಗದವಿತ್ತು. ಪ್ಲೇಟ್‌ಲೆಟ್ ಎಪ್ಪತ್ತೆಂಟು ಸಾವಿರ. ಕಡಿಮೆ, ಆದರೆ ಆ ಸೀಸನ್ನಿನಲ್ಲಿ ಅದು ಗೌರವಸ್ಥರ ಅಂಕಿ. ರಕ್ತದ ಗಟ್ಟಿತನದ ಅಂಕಿ ಮೂರು ದಿನದ ಹಿಂದೆ ಮೂವತ್ತೇಳು ಇದ್ದದ್ದು ನಲವತ್ತೊಂಬತ್ತಕ್ಕೆ ಏರಿತ್ತು. ನೀರೇ ಕುಡಿಯದವರ ರಕ್ತ ಗಟ್ಟಿಯಾಗದೆ ಇನ್ನೇನಾಗುತ್ತದೆ? ಸಿಸ್ಟರ್ ಊರ್ಮಿಳಾ ಬಿ.ಪಿ. ನೋಡಿ ಬರೆದಿದ್ದಳು: ನೂರ ಹತ್ತು, ತೊಂಬತ್ತು. ಮೇಲಿನ ಅಂಕಿ ನೋಡಿ ಸಂತೋಷಪಟ್ಟೆ. ಕೆಳಗಿನದು ಅದರ ಹಿಮ್ಮಡಿಗೆ ಬಂದು ನಿಂತಿದೆ, ಎರಡರ ನಡುವೆ ಇಪ್ಪತ್ತೇ ಉಳಿದಿದೆ, ಅದರ ಅರ್ಥ ಹೃದಯ ಕೈಸೋಲುತ್ತಿದೆ ಎಂದು ನಾನೇ ವರ್ಷಕ್ಕೆ ನೂರು ಮಂದಿಗೆ ಪಾಠ ಹೇಳುತ್ತಿದ್ದೆ.

ನಾಡಿ ಹಿಡಿಯಲು ಕೈ ಚಾಚಿದೆ. ರಾಯರು ಸಂಕೋಚದಿಂದ, "ಪಾರಣಿ ಮುಗಿಸಿ ಹಂಗ ಬಂದಾಳ್ರಿ, ಮಡಿ..." ಅಂದರು. ಊರ್ಮಿಳಾಗೆ ಮಡಿ ಗೊತ್ತಿರಲಿಲ್ಲ, ಕೇಳದೆ ಬಿ.ಪಿ. ಪಟ್ಟಿ ಕಟ್ಟಿದ್ದಳು. ಸಂಪ್ರದಾಯಸ್ಥನಾದ ನಾನು ಕೈ ಹಿಂದೆಗೆದುಕೊಂಡೆ.

"ರಾಯರೇ," ಎಂದೆ, ತೀರ್ಪು ಕೊಡುವ ದನಿಯಲ್ಲಿ, "ಇದಕ್ಕೆ ಏಕಾದಶಿ ಅಂತ ಹೆಸರು. ಔಷಧ ದ್ವಾದಶಿ."

ರಾಯರು ಬಾಯ್ತುಂಬಾ ನಕ್ಕರು. ಸುಶೀಲಾಬಾಯಿ ನಗಲಿಲ್ಲ. ಹಿರಿಯ ಹೆಂಗಸರು ಡಾಕ್ಟರ ಚೇಷ್ಟೆಗೆ ನಗುವುದಿಲ್ಲ ಎಂದು ಅದಕ್ಕೂ ನಾನೇ ಕಾರಣ ಒದಗಿಸಿಕೊಂಡೆ. ಉಪ್ಪು ಸಕ್ಕರೆ ನೀರು ಕುಡಿಯಿರಿ, ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ಬರೆದು ಸಹಿ ಹಾಕಿದೆ.

ನನ್ನ ಪಕ್ಕದ ಮೇಜಿನಲ್ಲಿ ಮನೋಜ್ ಕೂತಿದ್ದ. ಬಲಿಯಾ ಕಡೆಯ ಕಿರಿಯ ವೈದ್ಯ, ನನ್ನ ವಿದ್ಯಾರ್ಥಿ. ಪರೀಕ್ಷೆಯಲ್ಲಿ ಒಮ್ಮೆ ನಪಾಸಾದವನು, ನನ್ನಿಂದ ದಿನಕ್ಕೆರಡು ಬಾರಿ ಬೈಗುಳ ತಿನ್ನುವವನು. ಕನ್ನಡ ಮಾತನಾಡುವವರೆಲ್ಲ ನನ್ನ ರಕ್ತಸಂಬಂಧಿಗಳು ಎಂಬುದು ಅವನ ಗಟ್ಟಿ ನಂಬಿಕೆ. ಗುರುಗಳ ಬಂಧುಗಳು ಎದ್ದು ಹೊರಟಿದ್ದಾರೆ ಎಂದು ತಿಳಿದು, ಆ ಸೀಮೆಯ ರಿವಾಜಿನಂತೆ ತಟ್ಟನೆ ಎದ್ದು ಬಂದು, "ಪಾಂವ್ ಲಾಗೀಂ, ಮೌಸಿ" ಎಂದು ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಸುಶೀಲಾಬಾಯಿಯ ಪಾದ ಮುಟ್ಟಿದ.

"ಏ ಮನೋಜ್, ಅವರು..." ಎಂದೆ. ತಡವಾಗಿತ್ತು. ಆಕೆ ಕಣ್ಣು ತೆರೆಯದೆಯೇ ಕೈ ಎತ್ತಿ ಏನೋ ಹರಸಿದರು.

ಅವನು ಏಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಪಾದ ಹಿಡಿದುಕೊಂಡೇ ಇದ್ದ. ರಾಯರಿಗೆ ಕಣ್ಣು ಒದ್ದೆಯಾಯಿತು. "ಎಂಥಾ ವಿನಯರೀ ಈ ಕಡೆ ಹುಡುಗೂರಿಗೆ!" ಮನೋಜ್ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟು ನೋಡಿದ. ಬಿಳಿಚಿದ ಉಗುರಿಗೆ ಬಣ್ಣ ಮರಳಲಿಲ್ಲ. ತಲೆ ಎತ್ತಿದ.

"ಸರ್, ಮೌಸಿ ಕೇ ಪೈರ್ ಬರಫ್ ಹೈಂ." ಪಾದ ಮಂಜುಗಡ್ಡೆಯಾಗಿದೆ ಎಂದ.

"ಗಂಗೆಯಲ್ಲಿ ಮುಳುಗಿ ಬಂದಿದ್ದಾರೆ. ತಣ್ಣಗಿರದೆ ಬೆಚ್ಚಗಿರುತ್ತಾ?" ಎಂದು ಹಿಂದಿಯಲ್ಲಿ ಗದರಿದೆ.

"ಸರ್, ಕಾರ್ತಿಕದ ಸ್ನಾನ ಸೂರ್ಯ ಹುಟ್ಟುವ ಮುಂಚೆಯೇ ಆಗಿರುತ್ತದೆ. ಈಗ ಹನ್ನೊಂದು." ಅವನು ಹಾಗೆಯೇ ಕೂತಿದ್ದ. "ಕೇಳಿ ಸರ್, ಮೂತ್ರಕ್ಕೆ ಯಾವಾಗ ಹೋಗಿದ್ದು?"

ಆ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಕೇಳಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ. ಕೇಳಿದೆ. ಸುಶೀಲಾಬಾಯಿ ಬಹಳ ದೂರದಿಂದ ಉತ್ತರ ಕೊಟ್ಟರು.

"ನಿನ್ನೆ ಮುಂಜಾನೆ ಆಗಿದ್ದು... ಕುಡದಿಲ್ಲಲ್ಲ, ಎಲ್ಲಿಂದ ಬರಬೇಕು."

ಒಂದು ದಿನ ದಾಟಿತ್ತು. ನಮ್ಮ ಅಜ್ಜಿ ಅಲ್ಲಿಂದ ಎದ್ದು ಹೋದಳು. ಸ್ಟೂಲಿನ ಮೇಲೆ ಉಳಿದದ್ದು ಸೋರಿ ಬರಿದಾಗುತ್ತಿದ್ದ ಒಬ್ಬ ಹೆಂಗಸು. ಮಡಿ ಗಿಡಿ ಮರೆತು ಮಣಿಕಟ್ಟು ಹಿಡಿದೆ. ನಾಡಿ ದಾರದಂತಿತ್ತು. ಬಿ.ಪಿ. ಮತ್ತೆ ನೋಡಿದಾಗ ತೊಂಬತ್ತಾರು, ಎಂಬತ್ತು. ನಾನು ಸಹಿ ಹಾಕಿದ ಚೀಟಿ ರಾಯರ ಜೇಬಿನಲ್ಲಿತ್ತು. ಅದನ್ನು ಹಿಡಿದು ರೈಲು ಹತ್ತಿದ್ದರೆ ಯಾವುದೋ ಹೆಸರಿಲ್ಲದ ನಿಲ್ದಾಣದಲ್ಲಿ ಅವರಿಗೆ ನನ್ನ ನೆನಪಾಗುತ್ತಿತ್ತು.

ಮನೋಜ್ ಟ್ರಾಲಿಗೆ ಕಾಯಲಿಲ್ಲ. ಆಕೆಯನ್ನು ಎತ್ತಿಕೊಂಡೇ ವಾರ್ಡಿಗೆ ನಡೆದ. ಊರ್ಮಿಳಾ ಎರಡನೆಯ ಪ್ರಯತ್ನಕ್ಕೆ ನರ ಹಿಡಿದಳು. ಉಪ್ಪುನೀರು ಒಳಗೆ ಹೋಗತೊಡಗಿತು. ನಾನು ಹೊರಗೆ ಬಂದು ರಾಯರಿಗೆ ತಿಳಿಸಿದೆ.

"ರೈಲು ಬಿಡಿ ರಾಯರೇ. ಇಲ್ಲೇ ಇರಬೇಕು."

"ಯಾಕ್ರಿ? ಈಗ ಏಕಾದಶಿ ಅಂದ್ರಲ್ಲಾ?"

ಉತ್ತರವಿತ್ತು. ನಾನು ಹೇಳಿದ್ದು ಬೇರೆ: "ಸ್ವಲ್ಪ ನೀರು ಕಡಿಮೆಯಾಗಿದೆ. ಹಾಕ್ತಾ ಇದ್ದೇವೆ."

ಅಷ್ಟರಲ್ಲಿ ಅವರ ತಂಡದವರಿಂದ ಫೋನಿನ ಮೇಲೆ ಫೋನು. ಯಾರೋ ಪ್ಲೇಟ್‌ಲೆಟ್ ಎಂಬ ಮಂತ್ರ ಕಿವಿಗೆ ಊದಿದ್ದರು. ರಾಯರು ವಾರ್ಡಿನ ಬಾಗಿಲಲ್ಲಿ ನಿಂತು, "ಪ್ಲೇಟ್‌ಲೆಟ್ ಹಾಕ್ರಿ ಡಾಕ್ಟ್ರ, ನಮ್ಮ ಮಂದಿ ಹತ್ತು ಜನ ರಕ್ತ ಕೊಡ್ಲಿಕ್ಕೆ ತಯಾರ್ ಇದ್ದಾರ" ಎಂದು ಗೋಗರೆದರು. ರಕ್ತಸ್ರಾವವಿಲ್ಲ, ಅದು ಬೇಡ, ಆಕೆಗೆ ಬೇಕಾದದ್ದು ನೀರು ಎಂದರೆ ನಂಬಿಕೆ ಬರಲೊಲ್ಲದು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಬರೀ ನೀರೇ?

ಮನೋಜ್ ಅವತ್ತು ಊಟಕ್ಕೆ ಏಳಲಿಲ್ಲ. ಮಂಚದ ಕಾಲ್ದೆಸೆಯಲ್ಲಿ ಸ್ಟೂಲು ಹಾಕಿ ಕೂತು ಆಗಾಗ ಪಾದ ಮುಟ್ಟಿ ನೋಡುತ್ತಿದ್ದ. ನಾಲ್ಕು ಗಂಟೆಗೆ, ಅವರ ರೈಲು ಹೊರಡುವ ಹೊತ್ತಿಗೆ, ರಕ್ತದ ಗಟ್ಟಿತನ ನಲವತ್ತೊಂಬತ್ತರಿಂದ ನಲವತ್ತಮೂರಕ್ಕೆ ಇಳಿಯಿತು. ಸುಶೀಲಾಬಾಯಿಗೆ ಮೂತ್ರವಾಯಿತು. ಊರ್ಮಿಳಾ ಅದನ್ನು ವಾರ್ಡಿಗೆಲ್ಲ ಕೇಳುವಂತೆ ಸಾರಿದಳು. ಜ್ವರದ ವಾರ್ಡಿನಲ್ಲಿ ನಮಗಿರುವ ಮಂಗಳವಾದ್ಯ ಅದೊಂದೇ. ಮರುದಿನವೆಲ್ಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಮೂರನೆಯ ದಿನ ಬೆಳಿಗ್ಗೆ ಪಾದ ಬೆಚ್ಚಗಾಗಿ, ಉಸಿರು ಸ್ವಲ್ಪ ಭಾರವೆನಿಸಿದಾಗ ಮನೋಜ್ ಡ್ರಿಪ್ಪು ನಿಲ್ಲಿಸಿದ. ಸೋರಿದ ನೀರು ಮರಳತೊಡಗಿದ ಮೇಲೂ ಹಾಕುತ್ತಾ ಹೋದರೆ ಮನುಷ್ಯ ಒಳಗೇ ಮುಳುಗುತ್ತಾನೆ. ನೀರು ಕೊಡುವುದು ಎಲ್ಲರಿಗೂ ಬರುತ್ತದೆ, ನಿಲ್ಲಿಸುವುದು ಕೆಲವರಿಗೆ. ಈ ಮಾತಿನ ಕೆಳಗೆ ನೀವು ಗೆರೆ ಎಳೆದುಕೊಳ್ಳಬಹುದು.

ಐದನೆಯ ದಿನ ಅವರು ಹೊರಟರು. ರಾಯರು ನನ್ನ ಎರಡೂ ಕೈ ಹಿಡಿದುಕೊಂಡು, "ಪರದೇಶದಾಗ ನಮ್ಮವ್ರು ಅಂತ ನೀವಿದ್ರಿ, ಆಕಿ ಉಳದ್ಲು" ಎಂದರು. ಹಿಂದೆ ಮನೋಜ್ ನಿಂತಿದ್ದ. ಮಾತು ಅವನಿಗೆ ಅರ್ಥವಾಗಲಿಲ್ಲ. ನಾನು ಅನುವಾದಿಸಲಿಲ್ಲ.

ಆ ತಿಂಗಳ ವಿಭಾಗದ ಸಭೆಯಲ್ಲಿ ಈ ಪ್ರಕರಣವನ್ನು ನಾನೇ ಮಂಡಿಸಿದೆ. "ಆರಂಭದಲ್ಲಿ ಅಪಾಯದ ಲಕ್ಷಣಗಳನ್ನು ಗುರುತಿಸಲಾಗಲಿಲ್ಲ" ಎಂದು ಬರೆದುಕೊಂಡು ಹೋಗಿದ್ದೆ. ಯಾರು ಗುರುತಿಸಲಿಲ್ಲ ಎಂದು ಯಾರೂ ಕೇಳಲಿಲ್ಲ. ಮನೋಜ್ ಹಿಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದ. ತೂಕಡಿಸುವಂತೆ ನಟಿಸುತ್ತಿದ್ದನೋ ಏನೋ.

ಮುಂದಿನ ಕಾರ್ತಿಕದಲ್ಲಿ ಬಾಗಲಕೋಟೆಯಿಂದ ಪಾರ್ಸೆಲ್ ಬಂತು. ಬಿಳಿ ಬಟ್ಟೆಯಲ್ಲಿ ಹೊಲಿದ ಎರಡು ಗಂಟು. ಒಂದೊಂದರಲ್ಲೂ ತೆಳುವಾದ ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ. ಒಂದು ಗಂಟಿಗೆ ಕೆಂಪು ದಾರ ಸುತ್ತಿತ್ತು. ಚೀಟಿಯಿಲ್ಲ. ಪದ್ಮಾ ಎರಡನ್ನೂ ಡಬ್ಬಕ್ಕೆ ತುಂಬಿದಳು. ನಾನು ತಿಂದೆ. ಹೀಗೆ ಪ್ರತಿ ವರ್ಷ. ಕಾಶಿಗೆ ಬರುವ ಆ ಕಡೆಯ ಯಾತ್ರಿಕರೆಲ್ಲ, "ನಮ್ಮ ಸುಶೀಲಾಬಾಯಿನ್ನ ಉಳಿಸಿದ ಡಾಕ್ಟ್ರು ನೀವ ಅಲ್ರಿ?" ಎಂದು ಕಾಲಿಗೆ ಬೀಳುವರು. ನಾನು ದೇವರ ಕಡೆ ಬೆರಳು ತೋರಿಸುವೆ. ವಿನಯ ಎಂದುಕೊಂಡು ಇನ್ನಷ್ಟು ಬೀಳುವರು. ಆ ವೇಳೆಗೆ ಮನೋಜ್ ಓದು ಮುಗಿಸಿ ಬಲಿಯಾ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದ. ಆಮೇಲೆ ಸೀಸನ್ನಿನ ಮೇಲೆ ಸೀಸನ್. ಒಬ್ಬೊಬ್ಬರ ಪಾದ ಹಿಡಿಯುವಾಗಲೂ ಆ ಸ್ಟೂಲು ನೆನಪಾಗುತ್ತಿತ್ತು. ಹೌದು, ಮತ್ತೆ ಹಿಡಿಯತೊಡಗಿದ್ದೆ. ಕಿರಿಯರು ಕ್ಯಾಂಟೀನಿನಲ್ಲಿ ನನ್ನನ್ನು ಅಣಕಿಸುತ್ತಿದ್ದರೆಂದು ಊರ್ಮಿಳಾ ಹೇಳಿದಳು.

ನಿವೃತ್ತಿಯಾಗಿ ಒಂದು ವರ್ಷ ಕಳೆದ ಮೇಲೆ, ಕಳೆದ ಕಾರ್ತಿಕದಲ್ಲಿ, ಪಾರ್ಸೆಲ್ಲಿನ ಬದಲು ಸುಶೀಲಾಬಾಯಿಯೇ ಬಂದರು. ಜೊತೆಗೆ ಹಣಮಂತರಾಯರು, ಕೈಯಲ್ಲಿ ಅದೇ ಎರಡು ಗಂಟು. ಸೋನಾರ್‌ಪುರದ ಇ-ರಿಕ್ಷಾದವನೊಂದಿಗೆ ಬಾಗಲಕೋಟೆಯ ಹಿಂದಿಯಲ್ಲಿ ಜಗಳವಾಡಿ ಗೆದ್ದು ಒಳಗೆ ಬಂದು ಕೂತರು. ರಾಯರು ಹಳೆಯ ಸ್ತೋತ್ರ ಶುರುಮಾಡಿದರು. ಆ ದಿನ ನನಗೆ ಅದನ್ನು ಕೇಳುವ ಶಕ್ತಿ ಇರಲಿಲ್ಲ.

"ಅಮ್ಮಾ," ಎಂದೆ, "ನಿಮ್ಮನ್ನು ಉಳಿಸಿದ್ದು ನಾನಲ್ಲ. ನಾನು ರೈಲು ಹತ್ತಿ ಅಂತ ಬರೆದುಕೊಟ್ಟವನು. ನಿಮ್ಮ ಮೈ ಮುಟ್ಟಿಯೂ ನೋಡಲಿಲ್ಲ. ಆ ಹುಡುಗ ಕಾಲು ಮುಟ್ಟದಿದ್ದರೆ ನೀವು ಊರು ತಲುಪ್ತಾ ಇರಲಿಲ್ಲ."

ರಾಯರು ತಟ್ಟನೆ ಹೆಂಡತಿಯ ಕಡೆ ತಿರುಗಿದರು. ಸುಶೀಲಾಬಾಯಿ ಮಾತ್ರ ಪದ್ಮಾ ಕೊಟ್ಟ ಕಾಫಿಯನ್ನು ಆರಿಸಿಕೊಳ್ಳುತ್ತಿದ್ದರು.

"ಗೊತ್ತದ ಬಿಡ್ರಿ."

"ಗೊತ್ತಾ?"

"ಕಣ್ಣು ಮುಚ್ಚಿದ್ದೆ. ಕಿವಿ ಮುಚ್ಚಿದ್ದಿಲ್ಲಲ್ಲ. ನೀವು ಏಕಾದಶಿ ಅಂತ ನಕ್ಕಿದ್ದೂ ಕೇಳೀನಿ. ಆ ಹುಡುಗ ಕಾಲು ಹಿಡದು ಬಿಡಲೇ ಇಲ್ಲ. ನಾ ಹೆತ್ತವ್ರೂ ಹಂಗ ಹಿಡದಿಲ್ಲ." ಒಂದು ಗುಟುಕು ಕುಡಿದರು. "ಇವ್ರಿಗೆ ಹೇಳಿದ್ದಿಲ್ಲ. ಹೆಡ್‌ಮಾಸ್ತರ್ರು. ಯಾರ ಮ್ಯಾಲರೆ ಒಂದು ಅರ್ಜಿ ಬರೀತಿದ್ರು."

"ಮತ್ತೆ ಪ್ರತಿ ವರ್ಷ ನನಗ್ಯಾಕಮ್ಮ ಕಳಿಸ್ತಿದ್ರಿ?"

"ನಿಮಗೊಂದು. ಕೆಂಪು ದಾರದ್ದು ಆ ಹುಡುಗಗ. ಅವನ ಊರು ಗೊತ್ತಿದ್ದಿಲ್ಲ, ವಿಳಾಸ ಗೊತ್ತಿದ್ದಿಲ್ಲ. ನೀವು ಕೊಡ್ತೀರಿ ಅಂತ." ನನ್ನ ಮುಖ ನೋಡಿದರು. "ಕೊಡ್ತಿದ್ರಿ ಹೌದಲ್ರಿ?"

ಪದ್ಮಾ ಅಡುಗೆಮನೆ ಬಾಗಿಲಲ್ಲಿ ನಿಂತವಳು ಒಳಗೆ ಹೋಗಿಬಿಟ್ಟಳು. ಆರು ವರ್ಷ, ಎರಡೂ ಗಂಟು. ಶೇಂಗಾ ಹಿಂಡಿ ನನಗೆ ಬಲು ಇಷ್ಟ.

"ಇಲ್ಲಮ್ಮ," ಎಂದೆ. "ನಾನೇ ತಿಂದೆ."

ಸುಶೀಲಾಬಾಯಿ ಲೋಟ ಕೆಳಗಿಟ್ಟು ನಕ್ಕರು. ಏಕಾದಶಿಯ ಚೇಷ್ಟೆಗೆ ಬಾರದ ನಗು ಅಂತೂ ಬಂತು.

ಅವರು ಹೋದ ಮೇಲೆ ಬಲಿಯಾಕ್ಕೆ ಫೋನು ಮಾಡಿದೆ. ಮನೋಜ್ ಆ ಭಾನುವಾರ ಬೆಳಿಗ್ಗೆಯೇ ಬಂದ. ತಲೆಯಲ್ಲಿ ಆಗಲೇ ಅಲ್ಲಲ್ಲಿ ನರೆ. ಅವನ ಆಸ್ಪತ್ರೆಯಲ್ಲಿ ಮೂವತ್ತು ಮಂಚ, ರಕ್ತಕಣ ಎಣಿಸುವ ಯಂತ್ರ ಕೆಟ್ಟು ಎರಡು ತಿಂಗಳಾಗಿದೆಯಂತೆ. "ಹಾಗಾದರೆ ಡೆಂಗಿ ರೋಗಿಗಳನ್ನು ಹೇಗೆ ನೋಡುತ್ತೀಯ?" ಎಂದರೆ ತನ್ನ ಎಡಗೈ ಎತ್ತಿ ತೋರಿಸಿದ. ಕೆಂಪು ದಾರದ ಗಂಟನ್ನು ಅವನ ಮುಂದಿಟ್ಟು ಎಲ್ಲ ಹೇಳಿದೆ, ಈ ಸಲ ಕರ್ತೃ ಸಮೇತ, "ನಾನು ಗುರುತಿಸಲಿಲ್ಲ" ಎಂದೇ. ರಾಯರು ಅಂದು ಆಡಿದ ಮಾತನ್ನೂ ಇಷ್ಟು ವರ್ಷಗಳ ಮೇಲೆ ಅನುವಾದಿಸಿದೆ. ಅವನು ರೊಟ್ಟಿಯ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, "ಇದನ್ನು ಆರು ವರ್ಷ ಒಬ್ಬರೇ ತಿಂದಿರಾ, ಸರ್? ಹಲ್ಲು ಹೇಗಿವೆ?" ಎಂದ.

ಹೊರಡುವಾಗ ರಿವಾಜಿನಂತೆ ಬಗ್ಗಿ ನನ್ನ ಪಾದ ಮುಟ್ಟಿದ. ಮುಟ್ಟಿದವನು ಏಳಲಿಲ್ಲ. ಕೈ ಅಲ್ಲೇ ಇತ್ತು.

"ಏನಯ್ಯಾ?"

"ಗರಮ್ ಹೈ, ಸರ್," ಎಂದು ಎದ್ದು, ಕೆಂಪು ದಾರದ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಲ್ಲಿಗೆ ಇಳಿದ.